ತಳ್ಳುವವರ ಕಾಲಂ

ನಮ್ಮ ಊರಿನ ರಗ್ಬಿ ಮೈದಾನದಲ್ಲಿ ಓಡುವವನನ್ನು ನೋಡಬಾರದು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಚೆಂಡು ಹಿಡಿದವನು ಅಂಚಿನಲ್ಲಿ ಓಟ ಕಿತ್ತ ಕೂಡಲೇ ಬೆಂಚುಗಳ ಮೇಲಿದ್ದವರೆಲ್ಲ ಮುಖ ತಿರುಗಿಸಿ, ಮೈದಾನದ ನಡುವೆ ಮಣ್ಣಿನಲ್ಲಿ ಹೊರಳುತ್ತಿದ್ದ ದಪ್ಪ ಆಳುಗಳನ್ನು ನೋಡುತ್ತಿದ್ದರು. ಓಡುವವನು ಹಗುರವಾಗಿರಬೇಕು, ತಳ್ಳುವವರು ಭಾರವಾಗಿರಬೇಕು. ಚೆಂಡು ಕೊನೆಯ ಗೆರೆ ದಾಟಿ ಟ್ರೈ ಆಯಿತೋ ಇಲ್ಲವೋ ಎಂಬುದನ್ನು ನಾವು ಸೀಟಿಯ ಸದ್ದಿನಿಂದ ತಿಳಿಯುತ್ತಿದ್ದೆವು.

ನಮ್ಮಲ್ಲಿ ಮನುಷ್ಯರ ತೂಕ ಅವರನ್ನು ನೋಡುವವರ ಕಣ್ಣಿನಲ್ಲಿರುತ್ತದೆ. ಕಣ್ಣು ಹೆಚ್ಚಿದಷ್ಟೂ ಮೈ ಭಾರ, ಯಾರೂ ನೋಡದಿದ್ದರೆ ಕಾಲು ನೆಲ ಬಿಡುತ್ತದೆ. ಒಬ್ಬಂಟಿಗರು ಬೀದಿ ಕಡೆಯ ಕಿಟಕಿ ತೆರೆದಿಟ್ಟುಕೊಂಡು ಅಡುಗೆ ಮಾಡುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ಪುಸ್ತಕ ನೋಡುವುದಿಲ್ಲ, ಒಂದೊಂದೇ ಮುಖ ನೋಡುತ್ತಾರೆ. ದೂರದ ಹೊಲಕ್ಕೆ ಒಬ್ಬರೇ ಹೋಗುವವರು ಕಬ್ಬಿಣದ ಅಟ್ಟೆಯ ಚಪ್ಪಲಿ ಮೆಟ್ಟುತ್ತಾರೆ. ಮಲಗುವಾಗ ಹೊದಿಕೆಯ ನಾಲ್ಕು ಮೂಲೆಗೂ ಕಲ್ಲು ಕಟ್ಟುತ್ತೇವೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಒಂದು ತಿಂಗಳು ಕಷ್ಟವಾಗುತ್ತದೆ, ಆಮೇಲೆ ಅವರೂ ಸೆರಗಿನ ತುದಿಗೆ ಕಲ್ಲು ಗಂಟುಹಾಕಿಕೊಂಡು ನೀರಿಗೆ ಹೋಗುತ್ತಾರೆ.

ನಾನು ಹುಟ್ಟಿನಿಂದಲೇ ಆತಂಕದವಳು. ಯಾರಾದರೂ ಹೊರಗೆ ಹೊರಟರೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದೆ. "ದೇವೀರಿ ಬಾಗಿಲಲ್ಲಿ ನಿಂತ್ಕಂಡ್ರೆ ನಿಮ್ಮಪ್ಪನ ಕೈಲಿ ಸೈಕಲ್ ತುಳಿಯಕ್ಕೇ ಆಗಲ್ಲ" ಎಂದು ಅವ್ವ ನಗುತ್ತಿದ್ದಳು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೆ ನನಗೆ ನೋಡಲು ಉಳಿದವನು ಅಣ್ಣ ಬೋರಲಿಂಗ ಒಬ್ಬನೇ. ಅವನು ಸಾಮಿಲ್ಲಿನಲ್ಲಿ ದಿಮ್ಮಿ ಹೊತ್ತು ನನ್ನನ್ನು ಕಾಲೇಜಿಗೆ ಕಳಿಸಿದ. ನಾನು ಸಂಖ್ಯಾಶಾಸ್ತ್ರ ಓದಿ, ಅದೇ ಕಾಲೇಜಿನಲ್ಲಿ ಪಾಠ ಮಾಡುವವಳಾದೆ.

ಅಣ್ಣ ಹದಿನಾಲ್ಕು ವರ್ಷ ನಮ್ಮ ತಂಡದ ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ಬಲತುದಿಗೆ ನಿಂತವನು. ಸ್ಕ್ರಮ್ ಎಂದರೆ ಎರಡೂ ಕಡೆಯ ಎಂಟೆಂಟು ಜನ ತಲೆ ಬಗ್ಗಿಸಿ, ಒಬ್ಬರನ್ನೊಬ್ಬರು ತೋಳಿನಲ್ಲಿ ಬಿಗಿದುಕೊಂಡು, ಎದುರಾಳಿಗಳ ಹೆಗಲಿಗೆ ಹೆಗಲು ಕೊಟ್ಟು ತಳ್ಳುವುದು. ಬಲತುದಿಯವನು ಸರಿದರೆ ಇಡೀ ಗುಂಪು ಗಾಣದ ಹಾಗೆ ತಿರುಗಿಬಿಡುತ್ತದೆ. ಅಣ್ಣ ಸರಿಯುತ್ತಿರಲಿಲ್ಲ. ನನ್ನ ಅತ್ತಿಗೆ ಮಂಚಮ್ಮ ಹಗ್ಗದ ಪಕ್ಕದಲ್ಲೇ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದರು. ಅವರ ಕೈ ಅವರೆಕಾಯಿ ಸುಲಿಯುತ್ತಿತ್ತು, ಕಣ್ಣು ಅಣ್ಣನ ಬೆನ್ನ ಮೇಲೆ. ಪಕ್ಕದಲ್ಲಿ ನಾನು. ಹಿಂದೆ ಐದಾರು ನೂರು ಜನ, ಎಲ್ಲರೂ ತಳ್ಳುವವರನ್ನೇ ನೋಡುವವರು.

ಆ ಜನ ವರ್ಷ ವರ್ಷಕ್ಕೆ ಕಡಿಮೆಯಾದರು. ಮುದುಕರು ಹೋದರು. ಹುಡುಗರಿಗೆ ಓಟ ನೋಡಬಾರದ ಆಟದಲ್ಲಿ ಏನು ರುಚಿ? ಕೊನೆಗೆ ಬೆಂಚುಗಳ ಮೇಲೆ ಎಪ್ಪತ್ತು ಜನ ಉಳಿದರು. ಮೇಲೂರಿನ ತಂಡ ಎರಡು ಬಸ್ಸು ತುಂಬ ತಮ್ಮದೇ ಕಣ್ಣುಗಳನ್ನು ಕರೆತಂದು, ನಮ್ಮ ಎಂಟು ಆಳುಗಳನ್ನು ಹೊಟ್ಟಿನ ಹಾಗೆ ತೂರಿ ಹೋಯಿತು. ಆವತ್ತು ಸಂಜೆ ಕ್ಲಬ್ಬಿನ ಕಾರ್ಯದರ್ಶಿ ರಾಚಪ್ಪನವರು ನನ್ನ ಮನೆಗೆ ಬಂದರು. ಅವರದು ಸೈಕಲ್ ರಿಪೇರಿ ಅಂಗಡಿ. ಬೆರಳಲ್ಲಿ ಗ್ರೀಸು, ಕಂಕುಳಲ್ಲಿ ಒಂದು ದಪ್ಪ ರಿಜಿಸ್ಟರು.

"ಮೇಡಮ್ಮೋರೆ, ಪೇಟೆ ಕಡೆ ಫ್ಯಾಂಟಸಿ ಲೀಗು ಅಂತ ಮಾಡ್ತಾರಂತೆ. ಜನ ಮನೇಲಿ ಕೂತು ಅವರವರದೇ ಟೀಮು ಕಟ್ಟೋದು. ಆಟಗಾರ ಎಷ್ಟು ಓಡ್ದ, ಎಷ್ಟು ಹಿಡ್ದ ಅಂತ ಲೆಕ್ಕ. ಅದರ ಮೇಲೆ ಅಂಕ. ನಮ್ಮೋರಿಗೂ ಈ ಹುಚ್ಚು ಹಿಡಿಸಿದ್ರೆ ಮೈದಾನ ತುಂಬುತ್ತೆ. ಜನ ಬಂದ್ರೆ ಕಣ್ಣು ಬತ್ತವೆ, ಕಣ್ಣು ಬಂದ್ರೆ ತೂಕ ಬತ್ತದೆ."

"ಅದಕ್ಕೆ ನಾನೇನು ಮಾಡ್ಬೇಕು?"

"ಏನನ್ನ ಎಣಿಸ್ಬೇಕು ಅಂತ ನೀವು ಹೇಳ್ಬೇಕು. ಆಮೇಲೆ ಎಣಿಸ್ಬೇಕು."

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ನಾನು ಓದಿದ್ದು ಊರಿಗೆ ಬೇಕಾದದ್ದು ಅದೇ ಮೊದಲು. ಒಂದು ವಾರ ಕೂತು ಪಟ್ಟಿ ಮಾಡಿದೆ. ಓಡಿದ ಪ್ರತಿ ಮೀಟರಿಗೆ ಒಂದು ಅಂಕ, ಟ್ರೈಗೆ ಹದಿನೈದು, ಎದುರಾಳಿಯನ್ನು ಕೆಡವಿದರೆ ಎರಡು, ಎತ್ತರದ ಚೆಂಡು ಹಿಡಿದರೆ ಮೂರು. ಹಾಳೆಯಲ್ಲಿ ಏಳು ಖಾಲಿ ಗೆರೆ. ಹದಿನೈದು ಆಟಗಾರರಲ್ಲಿ ಏಳು ಜನರನ್ನು ಆರಿಸಿ ಬರೆಯಬೇಕು. ಗುರುವಾರ ಹಾಳೆ ಹಂಚುವುದು, ಸೋಮವಾರ ಕ್ಲಬ್ಬಿನ ಬೋರ್ಡಿನ ಮೇಲೆ ಫಲಿತಾಂಶ. ರಾಚಪ್ಪನವರು ಕನ್ನಡಕ ಏರಿಸಿ ಪಟ್ಟಿಯನ್ನು ಎರಡು ಸಲ ಓದಿದರು.

"ತಳ್ಳೋರಿಗೂ ಒಂದು ಕಾಲಂ ಹಾಕಿ. ಹಿಂದಕ್ಕೆ ಸರೀದೆ ನಿಂತ್ರೆ ಇಷ್ಟು ಅಂತ."

"ಅದನ್ನ ಅಳೆಯೋದು ಹೇಗೆ? ಎಂಟು ಜನ ಒಟ್ಟಿಗೆ ತಳ್ತಾರೆ. ಯಾರು ಎಷ್ಟು ತಳ್ಳಿದ್ರು ಅಂತ ಯಾರಿಗೆ ಗೊತ್ತಾಗುತ್ತೆ?"

"ನಿಮಗೆ ಗೊತ್ತಾಗಲ್ವ? ಹಾಲುಹಲ್ಲಿನ ಕಾಲದಿಂದ ನೋಡ್ತಿದ್ದೀರಿ."

ಗೊತ್ತಾಗುತ್ತಿತ್ತು. ಯಾರ ಹಿಮ್ಮಡಿ ಮಣ್ಣಿನಲ್ಲಿ ಎಷ್ಟು ಹೂತಿದೆ ಎಂದು ನೋಡಿದರೆ ಸಾಕು. ಆದರೆ ಆ ಕಾಲಂ ಹಾಕಿದರೆ ಅದರಲ್ಲಿ ಎಲ್ಲರಿಗಿಂತ ಮೇಲೆ ಬರುವವನು ನನ್ನ ಅಣ್ಣ. ಅಂಕ ಹಾಕುವವಳು ತಂಗಿ, ಅಂಕ ಬಂದದ್ದು ಅಣ್ಣನಿಗೆ: ಕಟಿಂಗ್ ಶಾಪಿನಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ ಯಾರು ಏನು ಹೇಳುತ್ತಾರೆ ಎಂದು ನನಗೆ ಮೊದಲೇ ಕೇಳಿಸುತ್ತಿತ್ತು. ಹಾಗಾಗಿ ಕಾಲಂ ಬಿಟ್ಟುಹೋಯಿತು ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕಿದ್ದೇನೆ. ಬಿಟ್ಟೆ ಎಂಬುದು ಸರಿ.

ಊರು ಅದಕ್ಕೆ 'ಮನೆ ಟೀಮು' ಎಂದು ಹೆಸರಿಟ್ಟಿತು. ಮೊದಲ ವಾರ ನಲವತ್ತು ಹಾಳೆ ಬಂದವು, ಮೂರನೇ ವಾರ ಆರುನೂರು, ಎರಡು ತಿಂಗಳಿಗೆ ಎರಡು ಸಾವಿರ ದಾಟಿತು. ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಎದ್ದು ನಿಂತು ವಾದ ಮಾಡುತ್ತಿದ್ದರು. ರಗ್ಬಿ ಚೆಂಡು ಯಾವ ಆಕಾರ ಎಂದು ಗೊತ್ತಿರದಿದ್ದ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಮೀಟರು ಕೂಡಿಸುತ್ತಿದ್ದರು. ನನ್ನ ವಿದ್ಯಾರ್ಥಿನಿಯರು ಸರಾಸರಿಯನ್ನು ಮೊದಲ ಬಾರಿಗೆ ತಾವಾಗಿ ಕೇಳಿ ಕಲಿತರು. ಬೆಂಚು ಸಾಲದೆ ಜನ ಹುಣಸೆಮರ ಹತ್ತಿ ಕೂತರು. ಕ್ಲಬ್ಬಿನವರು ನನಗೆ ಎತ್ತರದ ಮೇಜು, ಕುರ್ಚಿ, ಪಕ್ಕದಲ್ಲಿ ಒಂದು ಕರಿಹಲಗೆ ಹಾಕಿಕೊಟ್ಟರು.

ಹೀಗೆ ಬಂದವರು ಮುಖ ತಿರುಗಿಸುವ ಪದ್ಧತಿಯನ್ನು ಪಾಲಿಸಲಿಲ್ಲ. ಪಾಲಿಸಬೇಕೆಂದು ಅವರಿಗೆ ಯಾಕನಿಸಬೇಕು? ರಾಚಪ್ಪನವರು ಹಳೆಯ ಅಭ್ಯಾಸದಲ್ಲಿ ಮೈದಾನದ ನಡುವೆ ಕಣ್ಣು ನೆಟ್ಟಿದ್ದರೆ ಹಿಂದಿನಿಂದ ಯಾರೋ ಕೂಗುತ್ತಿದ್ದರು: "ತಾತೋ, ಅಲ್ಲೇನೈತೆ ಸಗಣಿ ಗುಪ್ಪೆ? ಅಂಕ ಈ ಕಡೆ ಓಡ್ತಾ ಐತೆ ನೋಡು!"

ಅಂಕ ಎಂದರೆ ಜವರ. ಎಡ ಅಂಚಿನಲ್ಲಿ ಓಡುವ ಇಪ್ಪತ್ತೆರಡು ವರ್ಷದ ಜವರನ ಹೆಸರಿಲ್ಲದ ಹಾಳೆ, ಒಂದರ ಹೊರತು, ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಅಷ್ಟೂ ಕಣ್ಣು ಬಿದ್ದು ಅವನು ಭಾರವಾದ. ಮೊದಲಿನ ವೇಗ ಉಳಿಯಲಿಲ್ಲ. ಆದರೆ ಅವನನ್ನು ಕೆಡವಲು ಬಂದವರು ಗೋಡೆಗೆ ತಾಗಿದಂತೆ ಆಚೆ ಬೀಳುತ್ತಿದ್ದರು. ಅವನು ನಡೆದುಕೊಂಡು ಹೋದರೂ ಟ್ರೈ ಆಗುತ್ತಿತ್ತು. ನಾವು ಗೆಲ್ಲತೊಡಗಿದೆವು. ಗೆಲ್ಲುತ್ತಿರುವಾಗ ಯಾರೂ ಏನನ್ನೂ ತಿದ್ದಲು ಹೋಗುವುದಿಲ್ಲ.

"ಅಕ್ಕ, ಮೂರನೇ ಮಂಚ ಮುರೀತು" ಎಂದ ಜವರ ಒಂದು ದಿನ. ಒಳ್ಳೆಯ ಹುಡುಗ. "ನಮ್ಮವ್ವ ನೆಲದ ಮೇಲೆ ಮಲಿಕೊ ಅಂತವ್ಳೆ. ಸ್ವಲ್ಪ ಬೇರೆಯೋರಿಗೂ ಅಂಕ ಹಾಕಕ್ಕ, ನನ್ನ ಮಂಡಿ ನೋಯ್ತವೆ."

ನಾನು ನಕ್ಕೆ. ಅಂಕ ನಾನು ಹಾಕುವುದಲ್ಲಪ್ಪ, ನೀನು ಗಳಿಸುವುದು ಎಂದೆ.

ಪ್ರತಿ ಗುರುವಾರದ ಹಾಳೆಗಳಲ್ಲಿ ಅಣ್ಣನ ಹೆಸರಿರುವುದು ಒಂದೇ ಒಂದು. ಅತ್ತಿಗೆ ಮಂಚಮ್ಮನದು. ಏಳು ಗೆರೆಗಳಲ್ಲಿಯೂ ಒಂದೊಂದೇ ಅಕ್ಷರವನ್ನು ಒತ್ತಿ, ಬೋರಲಿಂಗ, ಬೋರಲಿಂಗ ಎಂದು ಏಳು ಸಲ ಬರೆದು ಕಳಿಸುತ್ತಿದ್ದರು. ಒಬ್ಬನ ಹೆಸರು ಒಂದೇ ಸಲ ಬರಬೇಕೆಂಬುದು ನಿಯಮ. ನಾನು ಪ್ರತಿ ವಾರ ಆ ಹಾಳೆಯ ಮೇಲೆ 'ರದ್ದು' ಎಂದು ಬರೆದು ಬೇರೆ ಕಟ್ಟಿಗೆ ಸೇರಿಸುತ್ತಿದ್ದೆ. ಒಮ್ಮೆ ಹೇಳಿಯೂ ನೋಡಿದೆ.

"ಅತ್ತಿಗೆ, ಏಳು ಬೇರೆ ಬೇರೆ ಹೆಸರು ಬರೀಬೇಕು."

"ಬೇರೆಯೋರನ್ನ ನೋಡೋಕೆ ಊರೇ ಐತಲ್ಲವ್ವ" ಎಂದರು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಪಂದ್ಯಕ್ಕೆ ಮುಂಚೆ, ನಾನು ಅಣ್ಣನ ಮನೆಗೆ ಹೋದಾಗ ಅವನು ಹಿತ್ತಲಲ್ಲಿ ಕೂತು ಕಾಲುಚೀಲಕ್ಕೆ ಒದ್ದೆ ಮರಳು ತುಂಬುತ್ತಿದ್ದ. ಅಂಗಿಯ ಅಂಚನ್ನು ಮಡಿಸಿ ಹೊಲಿದು ಅದರೊಳಗೆ ಸೀಸದ ಗುಂಡು ಹಾಕಲಾಗಿತ್ತು. ನನ್ನನ್ನು ಕಂಡು ಚೀಲವನ್ನು ಹಿಂದಕ್ಕೆ ಸರಿಸಿದ, ಬೀಡಿ ಮುಚ್ಚಿಡುವ ಹುಡುಗನ ಹಾಗೆ.

"ಏನಣ್ಣ ಇದು?"

"ಏನಿಲ್ಲ ಬುಡವ್ವ. ವಯಸ್ಸಾಯ್ತಲ್ಲ."

"ಹಗುರಾಗಿದ್ದೀಯ?"

"ನೋಡೋಕೆ ನಿಮ್ಮತ್ತಿಗೆ ಅವ್ಳೆ." ಮರಳು ಒದರಿಕೊಂಡು ಎದ್ದ. ಎದ್ದ ರೀತಿ ನನಗೆ ಹಿಡಿಸಲಿಲ್ಲ, ತುಂಬ ಸುಲಭವಾಗಿ ಎದ್ದ. "ನೀನೂ ಒಂದೊಂದ್ಸಲ ಈ ಕಡೆ ತಿರುಗಿ ನೋಡವ್ವ, ಸ್ಕ್ರಮ್ ಕಟ್ಟೋ ಹೊತ್ನಲ್ಲಿ. ನಿನ್ನ ಕಣ್ಣು ಇದ್ದಿದ್ರೆ ಈ ಮರಳೆಲ್ಲ ಯಾಕೆ."

"ಆಟದಲ್ಲಿ ನಾನು ಚೆಂಡಿನಿಂದ ಕಣ್ಣು ತೆಗೆಯೋ ಹಾಗಿಲ್ಲಣ್ಣ. ಒಂದು ಮೀಟರು ತಪ್ಪಿದ್ರೂ ಜನ ಬಿಡಲ್ಲ."

"ಅದೂ ಸರಿಯೆ" ಎಂದ. ಬೇಸರವಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯೇ ಕಾಲಂ ಸೇರಿಸಬಹುದಿತ್ತು. ಯೋಚಿಸಿದೆ ಕೂಡ. ಆದರೆ ಋತುವಿನ ನಡುವೆ ನಿಯಮ ಬದಲಿಸಿದರೆ ಹಿಂದಿನ ಅಂಕಗಳಿಗೆ ಅರ್ಥವಿರುವುದಿಲ್ಲ, ಮುಂದಿನ ವರ್ಷಕ್ಕೆ ನೋಡೋಣ ಎಂದುಕೊಂಡೆ. ನನಗೆ ನಾನೇ ಕೊಟ್ಟುಕೊಂಡ ಆ ಉತ್ತರದಲ್ಲಿ ಈಗಲೂ ತಪ್ಪು ಹುಡುಕಲಾರೆ. ನನ್ನ ತಪ್ಪುಗಳೆಲ್ಲ ಹಾಗೆಯೇ, ಒಂದೊಂದೂ ಸರಿಯಾಗಿದ್ದವು.

ಕೊನೆಯ ಪಂದ್ಯ ಮೇಲೂರಿನವರ ಮೇಲೆ. ಆ ವಾರ ಊರಲ್ಲಿ ಕಣ್ಣುಬೇನೆ ಹಬ್ಬಿತ್ತು. ಅತ್ತಿಗೆಯ ಎರಡೂ ಕಣ್ಣು ಕೆಂಪಗೆ ಊದಿ, ರೆಪ್ಪೆ ಅಂಟಿಕೊಂಡು, ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೇ ಕೈ ಚಾಚಿದರು.

"ದೇವೀರಿ, ಆಡಬೇಡ ಅಂದ್ರೆ ಕೇಳ್ತಿಲ್ಲ ನಿಮ್ಮಣ್ಣ. ಇವತ್ತೊಂದಿನ ನೀನು ನೋಡ್ಕೊಳವ್ವ. ಸ್ಕ್ರಮ್ ಬಿದ್ದಾಗ ಮಾತ್ರ. ಮಿಕ್ಕ ಹೊತ್ನಲ್ಲಿ ಎಲ್ಲಿ ಬೇಕಾದ್ರೂ ನೋಡು."

"ನೋಡ್ತೀನಿ ಅತ್ತಿಗೆ."

"ಆಣೆ?"

"ಆಣೆ."

ನೋಡಿದೆ. ಮೊದಲರ್ಧದಲ್ಲಿ ಆರು ಸ್ಕ್ರಮ್, ಆರರಲ್ಲಿಯೂ ಕುರ್ಚಿಯಿಂದ ಎದ್ದು ಅಣ್ಣನ ಬೆನ್ನನ್ನೇ ನೋಡಿದೆ. ಅವನ ಹಿಮ್ಮಡಿ ಮಣ್ಣಿಗೆ ಇಳಿಯುವುದು ಕಾಣುತ್ತಿತ್ತು. ಒಮ್ಮೆ ತಲೆ ಎತ್ತಿ ನನ್ನ ಕಡೆ ತಿರುಗಿ ನಕ್ಕ. ಎಂಟು ತಿಂಗಳಲ್ಲಿ ನಾನು ಕಂಡ ಅವನ ನಗು ಅದೊಂದೇ.

ಆಟ ಮುಗಿಯಲು ಹತ್ತು ನಿಮಿಷವಿತ್ತು. ಜವರ ನಡುಗೆರೆಯ ಸ್ವಲ್ಪ ಹಿಂದಿನಿಂದ ಚೆಂಡು ಹಿಡಿದು ಹೊರಟ. ನಾಲ್ಕು ಸಾವಿರ ಜನ ಎದ್ದು ನಿಂತರು. ನಾಲ್ಕು ಜನರನ್ನು ಬೀಳಿಸಿ, ಕೊನೆಗೆ ಗೆರೆಗೆ ಐದು ಹೆಜ್ಜೆ ಇರುವಾಗ ತನ್ನದೇ ಭಾರಕ್ಕೆ ಮುಗ್ಗರಿಸಿ ಚೆಂಡು ಕೈಬಿಟ್ಟ. ಸೀಟಿ. ಅಲ್ಲೇ ಸ್ಕ್ರಮ್. ಜವರ ಎದ್ದು ಕೂತು ನೀರು ಕುಡಿಯುತ್ತಿದ್ದ, ಜನ ಅವನನ್ನೇ ನೋಡುತ್ತಿದ್ದರು. ಯಾಕೆಂದರೆ ಆ ಋತುವಿನಲ್ಲಿ ಅವನು ಸಾವಿರ ಮೀಟರು ಮುಟ್ಟುತ್ತಾನೋ ಇಲ್ಲವೋ ಎಂಬುದೇ ಒಂದು ವಾರದಿಂದ ಊರಿನ ಮಾತಾಗಿತ್ತು.

"ಮೇಡಂ, ಎಷ್ಟಾಯ್ತು?"

"ಹೇಳ್ರೀ ಮೇಡಂ, ಆಯ್ತಾ ಸಾವಿರ?"

ಸ್ಕ್ರಮ್ ಇನ್ನೂ ಕಟ್ಟುತ್ತಿದ್ದರು. ಸಮಯವಿದೆ ಎಂದುಕೊಂಡೆ. ರಿಜಿಸ್ಟರಿನ ಮೇಲೆ ಬಗ್ಗಿದೆ. ಒಂಬೈನೂರ ನಲವತ್ತಮೂರು, ಅದಕ್ಕೆ ಐವತ್ತೆಂಟು. ಕೂಡಿಸಲು ಹಿಡಿದದ್ದು ಎರಡು ಕ್ಷಣ. ನಾನು ಯಾವುದನ್ನೂ ಒಂದೇ ಸಲ ಕೂಡಿಸುವವಳಲ್ಲ. ಮತ್ತೊಮ್ಮೆ ಕೂಡಿಸಿದೆ. ತಿರುಗಿ, ಕರಿಹಲಗೆಯ ಮೇಲೆ ದೊಡ್ಡದಾಗಿ ೧೦೦೧ ಎಂದು ಬರೆದೆ. ಮೈದಾನ ಗುಡುಗಿತು.

ಸೀಮೆಸುಣ್ಣ ಕೆಳಗಿಟ್ಟು ತಿರುಗಿದಾಗ ಸ್ಕ್ರಮ್ಮಿನ ಬಲತುದಿ ಖಾಲಿಯಾಗಿತ್ತು. ಅಣ್ಣ ಅದರ ಮೇಲಿದ್ದ. ಮೇಲೂರಿನವರ ನೂಕಿಗೆ ಮೊದಲು ಪಾದ ಕಿತ್ತಿರಬೇಕು, ಆಮೇಲೆ ತೋಳು ಜಾರಿರಬೇಕು. ಕಾಲುಚೀಲದಿಂದ ಒದ್ದೆ ಮರಳು ಸುರಿಯುತ್ತಿತ್ತು. ಗೋಲಿನ ಅಡ್ಡಕಂಬಿಯ ಎತ್ತರದಲ್ಲಿ ಅವನು ಕೈಗಳನ್ನು ಎರಡೂ ಕಡೆ ಚಾಚಿ, ಹಿಡಿದುಕೊಳ್ಳಲು ಯಾರಾದರೂ ಸಿಕ್ಕಾರೆಯೇ ಎಂದು ಹುಡುಕುತ್ತಿದ್ದ. ಕೂಗಲಿಲ್ಲ. ಕೆಳಗಿನ ಹದಿನೈದು ಜನರ ತಲೆ ಇನ್ನೂ ಬಗ್ಗಿಯೇ ಇತ್ತು.

ನಾನೊಬ್ಬಳೇ ನೋಡುತ್ತ ಸುಮ್ಮನೆ ನಿಂತಿದ್ದರೆ ಅವನು ಮೆಲ್ಲಗೆ ಇಳಿಯುತ್ತಿದ್ದ. ಊರಿನ ಯಾವ ತಾಯಿಗೂ ಗೊತ್ತಿರುವ ಸಂಗತಿ ಇದು: ಮಗು ಸೂರಿಗೆ ಏರಿದರೆ ಕೂಗಬೇಡ, ಒಬ್ಬಳೇ ನೋಡುತ್ತ ನಿಲ್ಲು. ನಾನು ಕೂಗಿದೆ.

"ಅಯ್ಯೋ, ಅಣ್ಣನ್ನ ನೋಡ್ರೋ!"

ನಾಲ್ಕು ಸಾವಿರ ಜನ ಒಟ್ಟಿಗೆ ತಿರುಗಿ ನೋಡಿದರು.

ಅವನು ಬಿದ್ದಂಥ ಸದ್ದನ್ನು ದಿನವೂ ದಿಮ್ಮಿ ಬೀಳಿಸುವ ಸಾಮಿಲ್ಲಿನವರೂ ಕೇಳಿರಲಿಲ್ಲವಂತೆ. ಅವನು ಬಿದ್ದಲ್ಲಿ ನೆಲ ಮೊಣಕಾಲುದ್ದ ಕುಸಿದಿತ್ತು. ಸೊಂಟದ ಮೂಳೆ ಎರಡು ಕಡೆ, ತೊಡೆ ಒಂದು ಕಡೆ ಮುರಿದಿತ್ತು. ಎತ್ತಲು ಹೋದವರಿಂದ ಎತ್ತಲಾಗಲಿಲ್ಲ, ಯಾಕೆಂದರೆ ಎಲ್ಲರೂ ಇನ್ನೂ ನೋಡುತ್ತಲೇ ಇದ್ದರು. ರಾಚಪ್ಪನವರು ಬೆಂಚಿನ ಮೇಲೆ ನಿಂತು, "ಮುಖ ತಿರುಗಿಸ್ರಯ್ಯ! ನಿಮ್ಮ ದಮ್ಮಯ್ಯ, ಮುಖ ತಿರುಗಿಸಿ!" ಎಂದು ಅಳುತ್ತ ಕೂಗಿದ ಮೇಲೆ ಜನ ಕಣ್ಣು ಮುಚ್ಚಿಕೊಂಡರು. ಆಗ ಆರು ಜನ ಅವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತರು.

ತಿಂಗಳೊಪ್ಪತ್ತಿನಲ್ಲೇ ಶುರುವಾದ ಹೊಸ ಋತುವಿನ ಹಾಳೆಯಲ್ಲಿ ತಳ್ಳುವವರ ಕಾಲಂ ಇದೆ. ರಾಚಪ್ಪನವರೇ ಹಾಕಿದರು. ಹಿಮ್ಮಡಿ ಹೂತ ಆಳ, ಬೆರಳಿಗೆ ಒಂದು ಅಂಕ. ಅಳೆಯುವುದು ಏನೂ ಕಷ್ಟವಾಗಲಿಲ್ಲ. ಹೊಸದಾಗಿ ಬಲತುದಿಗೆ ಬಂದವನ ಹೆಸರು ಈಗ ಅರ್ಧಕ್ಕರ್ಧ ಹಾಳೆಗಳಲ್ಲಿದೆಯಂತೆ, ಮೈದಾನದಲ್ಲಿ ನಿಲ್ಲಲೂ ಜಾಗವಿಲ್ಲವಂತೆ. ರಿಜಿಸ್ಟರನ್ನು ನಾನು ಹಿಂದಿರುಗಿಸಿದೆ. ಯಾರೂ ನನ್ನನ್ನು ಬೈಯಲಿಲ್ಲ. ಅತ್ತಿಗೆ ಆಣೆಯ ಮಾತನ್ನು ಎತ್ತಲೇ ಇಲ್ಲ.

ಮೂಳೆ ಕಟ್ಟುವವರು ಕಟ್ಟುನಿಟ್ಟಾಗಿ ಒಂದು ಮಾತು ಹೇಳಿದ್ದರು: ಮೂಳೆ ಕೂಡುವವರೆಗೆ ಒಂದು ಹೊತ್ತಿಗೆ ಒಂದೇ ಜೊತೆ ಕಣ್ಣು. ಹೆಚ್ಚಾದರೆ ಭಾರಕ್ಕೆ ಕಟ್ಟು ಸಡಿಲುತ್ತದೆ, ಒಂದೂ ಇಲ್ಲದಿದ್ದರೆ ರೋಗಿ ತೇಲಿ ಹಾಸಿಗೆ ಬಿಡುತ್ತಾನೆ. ಕಣ್ಣುಬೇನೆ ಇಳಿದ ದಿನದಿಂದ ಅತ್ತಿಗೆ ಆ ಒಂದು ಜೊತೆಯಾಗಿ ಕೂತಿದ್ದರು. ನಲವತ್ತು ದಿನ. ನಾನು ದಿನವೂ ಹೋಗುತ್ತಿದ್ದೆ, ಬಾಗಿಲ ಹೊರಗೆ ಕೂತು ಸೊಪ್ಪು ಬಿಡಿಸಿಕೊಟ್ಟು, ನೀರು ತುಂಬಿ ಬರುತ್ತಿದ್ದೆ. ಒಳಗೆ ಬಾ ಎಂದು ಅವರು ಕರೆದಿರಲಿಲ್ಲ.

ನಿನ್ನೆ ಮಧ್ಯಾಹ್ನ ಕರೆದರು.

"ಒಸಿ ಕೂತ್ಕೊಳವ್ವ. ಒಲೆ ಮೇಲೆ ಸಾರೈತೆ, ಉಕ್ಕಿರ್ತದೆ. ನೋಡ್ಕಂಡು ಬತ್ತೀನಿ." ಹೊಸ್ತಿಲಲ್ಲಿ ನಿಂತು ಒಮ್ಮೆ ನನ್ನ ಮುಖ, ಒಮ್ಮೆ ಅಣ್ಣನ ಮುಖ ನೋಡಿ, ಒಳಗೆ ಹೋದರು.

ಅಣ್ಣ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿದ್ದ. ನಾನು ಸ್ಟೂಲು ಎಳೆದುಕೊಂಡು ಹತ್ತಿರ ಕೂತೆ, ನೋಡಿದೆ. ಗಡ್ಡ ಬೆಳೆದಿತ್ತು, ಗಲ್ಲದ ಎಡಕ್ಕೆ ಹೆಚ್ಚು ಬಿಳಿ. ಉಸಿರು ನಿಮಿಷಕ್ಕೆ ಹದಿನಾಲ್ಕು. ಕಟ್ಟಿನ ಪಟ್ಟಿಗಳು ಒಂಬತ್ತು ಸುತ್ತು, ಮೇಲಿನದು ಸ್ವಲ್ಪ ಸಡಿಲ. ನಾನು ಅಷ್ಟು ಎಚ್ಚರದಿಂದ ಯಾರನ್ನೂ ನೋಡಿದವಳಲ್ಲ. ಆಗ ಅವನ ಬೆನ್ನಿಗೂ ಹಾಸಿಗೆಗೂ ನಡುವೆ ಆಚೆಯ ಕಿಟಕಿಯ ಬೆಳಕು ಕಂಡಿತು. ಒಂದು ಬೆರಳಿನಷ್ಟು. ಕಣ್ಣು ಮಿಟುಕಿಸದೆ ನೋಡಿದೆ. ಎರಡಾಯಿತು. ಎಣಿಸುತ್ತಲೇ ಮುಂದಕ್ಕೆ ಬಗ್ಗಿ ನೋಡಿದೆ. ಮೂರಾಯಿತು.

ಅವನು ಕೈ ಇಳಿಬಿಟ್ಟು ಮಂಚದ ಚೌಕಟ್ಟನ್ನು ಮೆಲ್ಲಗೆ ಹಿಡಿದುಕೊಂಡ.

"ದೇವೀರಿ."

"ಏನಣ್ಣ?"

"ನಿಮ್ಮತ್ತಿಗೇನ ಕರಿಯವ್ವ."

ಅವನ ಮೇಲಿನ ಕಣ್ಣು ತೆಗೆಯದೆ, ಅಡುಗೆಮನೆಯ ಕಡೆಗೆ, ಮೆತ್ತಗೆ, ಕರೆದೆ. ಅತ್ತಿಗೆ ಸೌಟು ಹಿಡಿದುಕೊಂಡೇ ಬಂದು ನನ್ನ ಹಿಂದೆ ನಿಂತರು. ಮಂಚದ ಹಗ್ಗ ಭಾರಕ್ಕೆ ಕಿರ್ರೆಂದಿತು. ನಾನು ಎದ್ದು ಸ್ಟೂಲು ಬಿಟ್ಟುಕೊಟ್ಟೆ.